ಕೆಂಪು ಶಾಯಿಗೊಂದು ತಪ್ಪು

“ಇದು ಗುಪ್ತ ವರದಿ. ಯಾರಿಗೂ ತೋರಿಸ್ಬೇಡಿ, ಸಂಜೆಯೊಳಗೆ ಹೆಡ್ ಆಫೀಸಿಗೆ ಹೋಗ್ಬೇಕು,” ಎಂದು ಸಾಹೇಬರು ಮಡಚಿದ ಕಾಗದವೊಂದನ್ನು ಟೈಪಿಸ್ಟಳ ಕೈಗಿತ್ತರು. ಬಿಡಿಸಿ ನೋಡಿದರೆ ವರದಿ ಅವಳ ಮೇಲೆಯೇ. ಇಡೀ ಕಚೇರಿಗೆ ಟೈಪ್ ಮಾಡುವವಳು ಅವಳೊಬ್ಬಳೇ ಆದ್ದರಿಂದ, ಆ ಗುಟ್ಟನ್ನು ಅವಳಿಂದ ಮುಚ್ಚಿಡುವ ಹೊಣೆಯೂ ಅವಳ ತಲೆಗೇ ಬಿದ್ದಿತ್ತು.

ಸಾಹೇಬರು ತಮ್ಮ ಇಂಗ್ಲಿಷಿನಲ್ಲಿ ಬರೆದಿದ್ದರು: ಕೆಲಸದಲ್ಲಿ ಚುರುಕು, ನಡತೆ ಚೆನ್ನ. ಆದರೆ ಹನ್ನೊಂದು ವರ್ಷವಾದರೂ ಅಫೆಕ್ಟ್ ಯಾವುದು, ಎಫೆಕ್ಟ್ ಯಾವುದು ಎಂಬುದು ತಿಳಿಯದು. ಇದರಿಂದ ಕಚೇರಿಯ ಘನತೆಗೆ ಪೆಟ್ಟು. ಹೆಡ್ ಕ್ಲರ್ಕ್ ಹುದ್ದೆಗೆ ತಕ್ಕವಳಲ್ಲ. ಅವಳು ಅದನ್ನು ಎರಡೆರಡು ಸಲ ಓದಿದಳು. ಈ ಸಲ ಬಡ್ತಿ ತಪ್ಪಿದರೆ ವಯಸ್ಸಿನ ಮಿತಿ ದಾಟುತ್ತದೆ; ಆಮೇಲೆ ನಿವೃತ್ತಿಯವರೆಗೂ ಇದೇ ಕುರ್ಚಿ.

ಹಾಗೆ ನೋಡಿದರೆ ಆ ಎರಡು ಪದಗಳ ಜಾತಕವೇ ಅವಳಿಗೆ ಬಾಯಿಪಾಠ. ಮೊದಲನೆಯದು ತಟ್ಟುವುದು, ಎರಡನೆಯದು ತಟ್ಟಿದ್ದರ ಫಲ. ಸಾಲದ್ದಕ್ಕೆ ಮೊದಲನೆಯದಕ್ಕೆ ಸೋಗು ಹಾಕುವುದು ಎಂದೂ, ಎರಡನೆಯದಕ್ಕೆ ಜಾರಿಗೆ ತರುವುದು ಎಂದೂ ಇನ್ನೊಂದೊಂದು ಅರ್ಥ. ಗೊತ್ತಿದ್ದೂ ಅವಳು ಪ್ರತಿ ಕಾಗದದಲ್ಲೂ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುತ್ತಿದ್ದಳು. ಯಾಕೆಂದರೆ ಒಂದಾದರೂ ತಪ್ಪು ಹಿಡಿದು ಕೆಂಪು ಶಾಯಿಯಲ್ಲಿ ಸುತ್ತು ಹಾಕದೆ ಸಾಹೇಬರು ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ತಪ್ಪು ಸಿಗದಿದ್ದರೆ ವಿಷಯಕ್ಕೇ ಕೈ ಹಾಕುವರು. ಹಾಗೆ ಒಮ್ಮೆ ಒಬ್ಬರ ರಜೆ ಅರ್ಜಿ ರಾಜೀನಾಮೆಯಾಗಿ ಹೊರಬಿದ್ದಿತ್ತು. ಅಂದಿನಿಂದ ಅವಳು ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಂತೆ ಕಾಗದಕ್ಕೊಂದು ತಪ್ಪು ಇಡುತ್ತ ಬಂದಳು. ಸಾಹೇಬರಿಗೆ ಸುಲಭವಾಗಿ ಸಿಗುತ್ತಿದ್ದುದು ಇದೊಂದೇ ತಪ್ಪು. ಅವರು ಬೀಗುತ್ತಿದ್ದರು, ಕಚೇರಿ ನಡೆಯುತ್ತಿತ್ತು.

ಇವತ್ತು ಅವಳಿಗೆ ರೋಷ ಉಕ್ಕಿತು. ಸಾಹೇಬರ ಕರಡಿನಲ್ಲೇ ಎರಡು ಕಡೆ ಅವಸರದಲ್ಲಿ ಅದಲುಬದಲಾಗಿದ್ದ ಆ ಪದಗಳನ್ನು ಸರಿಮಾಡಿ, ಒಂದು ಚುಕ್ಕೆಯೂ ಹೆಚ್ಚುಕಮ್ಮಿಯಾಗದಂತೆ ಟೈಪ್ ಮಾಡಿ ಮೇಜಿನ ಮೇಲಿಟ್ಟಳು.

ಸಾಹೇಬರು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಕೆಂಪು ಪೆನ್ನು ಸಾಲಿನಿಂದ ಸಾಲಿಗೆ ಅಲೆದು ಸುಮ್ಮನೆ ನಿಂತಿತು.

“ಯಾರಮ್ಮ ಟೈಪ್ ಮಾಡಿದ್ದು?”

“ನಾನೇ ಸಾರ್.”

“ಯಾರನ್ನಾದ್ರೂ ಕೇಳಿದ್ರಾ?”

“ಯಾರಿಗೂ ತೋರಿಸ್ಬೇಡಿ ಅಂದಿದ್ರಲ್ಲ ಸಾರ್.”

ಸಾಹೇಬರ ಮುಖ ಕಪ್ಪಿಟ್ಟಿತು. ಅವಳಿಗೆ ಆ ಪದಗಳು ಗೊತ್ತಿಲ್ಲ ಎಂದು ಹೇಳುವ ಕಾಗದದಲ್ಲೇ ಅವೆರಡೂ ತಂತಮ್ಮ ಜಾಗದಲ್ಲಿ ಗಂಭೀರವಾಗಿ ಕೂತಿದ್ದವು. ಅವರು ಸರಿಯಾಗಿದ್ದ ಅಫೆಕ್ಟಿಗೆ ಕೆಂಪು ಸುತ್ತು ಹಾಕಿ, ಮೇಲೆ ಎಫೆಕ್ಟ್ ಎಂದು ಬರೆದು, ಕೆಳಗೆ ಸಹಿ ಜಡಿದರು.

“ಸಾರ್, ಅದು ಸರಿಯಾಗೇ ಇತ್ತು,” ಎಂದಳು ಅವಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಎದುರು ಮಾತಾಡಿದ್ದಳು.

“ನೋಡಿದ್ರಾ? ಯಾವುದು ಸರಿ ಅಂತ ನಿಮಗೆ ತಿಳಿಯಲ್ಲ ಅಂತಲೇ ನಾನು ಬರ್ದಿರೋದು,” ಎಂದು ಸಾಹೇಬರು ನಕ್ಕರು. “ತಿದ್ದಿ ತನ್ನಿ, ಇನ್ನೊಂದು ಸಹಿ ಹಾಕ್ತೀನಿ.”

ಹೊರಗೆ ಬಾಗಿಲ ಬಳಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಮುದಿ ಜವಾನನಿಗೆ ತಡೆಯಲಾಗಲಿಲ್ಲ. “ಬಿಡಬೇಡಿ ಅಕ್ಕ. ನೀವೂ ಹೆಡ್ ಆಫೀಸಿಗೆ ಒಂದು ಅರ್ಜಿ ಬರೀರಿ. ಅಲ್ಲಿ ಓದಿಕೊಂಡೋರು ಇರ್ತಾರೆ, ಯಾರದು ಸರಿ ಅಂತ ಅವರಿಗೆ ಗೊತ್ತಾಗಲ್ವಾ?”

ಅವಳು ತನ್ನ ಜಾಗಕ್ಕೆ ಬಂದು ಗೋಡೆಯ ಬೀರು ತೆರೆದಳು. ಹನ್ನೊಂದು ವರ್ಷದ ಕಚೇರಿ ಪ್ರತಿಗಳು ನೆಲದಿಂದ ತಲೆಯೆತ್ತರಕ್ಕೆ ಪೇರಿಕೊಂಡಿದ್ದವು. ಒಂದನ್ನು ಎಳೆದು ತೋರಿಸಿದಳು, ಇನ್ನೊಂದನ್ನು ತೋರಿಸಿದಳು; ಎರಡರಲ್ಲೂ ಅದೇ ಪದಕ್ಕೆ ಕೆಂಪು ಸುತ್ತು.

“ಸಾಕ್ಷಿ ಕೇಳ್ತಾರಣ್ಣ,” ಎಂದಳು. “ಇಷ್ಟರಲ್ಲೂ ತಪ್ಪು ನಂದು, ತಿದ್ದಿರೋದು ಅವರು.”