ಬಿಳಿತಲೆ ಹದ್ದಿನ ಫೋಟೊ

ನಲವತ್ತು ವರ್ಷ ಹಕ್ಕಿಗಳ ಫೋಟೊ ತೆಗೆದ ಭುಜಂಗರಾಯರ ಕಣ್ಣು ಈಚೆಗೆ ಮಂಜಾಗಿತ್ತು. ಚಳಿಗಾಲದ ರಜೆಯಲ್ಲಿ ಮಗಳು ವಾರಿಜ ಮತ್ತು ಅಳಿಯ ಸೇರಿ ರಾಯರನ್ನು ಬಿಳಿತಲೆಯ ಹದ್ದುಗಳಿರುವ ಮಿಸಿಸಿಪ್ಪಿ ನದಿಯ ದಂಡೆಗೆ ಕರೆತಂದಿದ್ದರು. ಮೂರು ದಿನದಿಂದ ರಾಯರು ತೆಗೆದ ಫೋಟೊಗಳನ್ನೆಲ್ಲ ಇಬ್ಬರೂ ಹೊಗಳಿದ್ದೇ ಹೊಗಳಿದ್ದು. ಒಂದಾದರೂ ಅಲುಗಿದೆ, ಮಸುಕಾಗಿದೆ ಎಂದು ಯಾರೂ ಹೇಳಲಿಲ್ಲ. ಹಿಂದೆ ಇದೇ ವಾರಿಜ ಒಂದೊಂದು ಫೋಟೊಗೂ ತಪ್ಪು ಹುಡುಕಿ ಅಪ್ಪನೊಡನೆ ಜಗಳಕ್ಕೆ ನಿಲ್ಲುತ್ತಿದ್ದಳು. ಆ ಜಗಳವಿಲ್ಲದೆ ರಾಯರಿಗೆ ಮಾತಾಡಲು ಯಾರೂ ಇಲ್ಲದಂತಾಗಿತ್ತು.

"ಅಪ್ಪಾ, ಅಲ್ಲಿ! ಒಣಮರದ ತುದೀಲಿ ಕೂತಿದೆ, ಬೇಗ!"

ರಾಯರು ಕ್ಯಾಮೆರಾ ಎತ್ತಿ ಅವಳು ಬೆರಳು ತೋರಿದ ಕಡೆ ಕ್ಲಿಕ್ಕಿಸಿದರು. ಆಮೇಲೆ ಅದನ್ನು ಅವಳ ಕೈಗೆ ಕೊಟ್ಟರು.

"ನೋಡಿ ಹೇಳಮ್ಮ. ಇದ್ದದ್ದು ಇದ್ದ ಹಾಗೆ ಹೇಳು, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ."

ವಾರಿಜ ಕ್ಯಾಮೆರಾದ ಪರದೆ ನೋಡಿ, ಒಮ್ಮೆ ಅಪ್ಪನ ಮುಖ ನೋಡಿದಳು.

"ತುಂಬಾ ಚೆನ್ನಾಗಿ ಬಂದಿದೆ ಅಪ್ಪ. ಬಿಳಿ ತಲೆ, ಹಳದಿ ಕೊಕ್ಕು, ಎಲ್ಲಾ ಕಡೆದಿಟ್ಟ ಹಾಗಿದೆ."

"ನಿಜವಾಗ್ಲೂ?"

"ನಿಮ್ಮಾಣೆಗೂ."

ರಾಯರು ಕ್ಯಾಮೆರಾ ಹಿಂದಕ್ಕೆ ತೆಗೆದುಕೊಂಡು, ಈ ಸಲ ಬೇಕೆಂದೇ ತೆಗೆಯದೆ ಬಿಟ್ಟಿದ್ದ ಲೆನ್ಸಿನ ಮುಚ್ಚಳವನ್ನು ಮೆಲ್ಲಗೆ ಬಿಚ್ಚಿದರು.