ಬಿಚ್ಚಿಸಿದ ತುರುಬು

ಹನ್ನೊಂದು ವರ್ಷ ನಿಮ್ಮಲ್ಲಿ ದುಡಿದ ಹೆಣ್ಣುಮಗಳ ತುರುಬನ್ನು ಬೀದಿಬಾಗಿಲಲ್ಲಿ ಬಿಚ್ಚಿಸಿದ ಮೇಲೂ, ಆಕೆ ನಿಮಗಾಗಿ ಕುದಿನೀರಿಗೆ ಬೆರಳು ಹಾಕಬೇಕೆಂದು ಯಾವ ಬಾಯಿಂದ ಕೇಳುತ್ತೀರಿ?

ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಸುತ್ತಿದ್ದ ಪುಟ್ಟಮಲ್ಲಪ್ಪ ಮಾತ್ರ ಆಕೆಯನ್ನು ಹಾಗೆ ಕೇಳಿಯೇಬಿಟ್ಟ. ಅವನ ಷೆಡ್ಡಿನಲ್ಲಿ ಆರು ಮಂದಿ ಹೆಂಗಸರು ಬಿಸಿನೀರಿನ ಬಾಣಲೆಗಳ ಮುಂದೆ ಸಾಲಾಗಿ ಕುಳಿತು ಗೂಡಿನಿಂದ ಎಳೆ ತೆಗೆಯುತ್ತಿದ್ದರು. ಯಾರ ಎಳೆ ಹರಿದರೂ ಪಕ್ಕದವಳು ಕೈಚಾಚಿ ಕೂಡಿಸುವುದು ಅಲ್ಲಿನ ವಾಡಿಕೆ. ಅದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅರವತ್ತೇಳರ ಮಳೆಗಾಲದ ಒಂದು ವಾರ ಗೂಡಿನ ತೂಕಕ್ಕೆ ತಕ್ಕ ನೂಲು ಬರಲಿಲ್ಲ. ಅಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದ ಮಾದೇವಮ್ಮ ನೂಲು ಕದ್ದು ತುರುಬಿನಲ್ಲಿಟ್ಟು ಸಾಗಿಸುತ್ತಿದ್ದಾಳೆಂದು ಮೇಸ್ತ್ರಿ ಜಡೇಸ್ವಾಮಿ ಹೇಳಿದ. ಯಜಮಾನ ನಂಬಿದ. ಸಂಜೆ, ದಾರಿಹೋಕರು ನಿಂತು ನೋಡುತ್ತಿರಲು, ಮಾದೇವಮ್ಮನ ತುರುಬು ಬಿಚ್ಚಿಸಿ ಕೊಡವಿಸಿದರು. ಉದುರಿದ್ದು ಬಾಡಿದ ಕನಕಾಂಬರ.

ಮರುದಿನ ಪಕ್ಕದ ಶಿವನಂಜಮ್ಮನ ಎಳೆ ಹರಿಯಿತು. ಮಾದೇವಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಳು. ಉಳಿದವರೂ ಹಾಗೆಯೇ ಮಾಡಿದರು. ಮೂರು ದಿನಗಳಲ್ಲಿ ನೂಲು ಅರ್ಧಕ್ಕಿಳಿಯಿತು.

"ಕೈ ಸುಮ್ನೆ ಐತಲ್ಲ, ಅವಳದೂ ವಸಿ ಕೂಡುಸ್ಬಾರ್ದಾ?" ಪುಟ್ಟಮಲ್ಲಪ್ಪ ಗದರಿದ.

"ಅವಳ ಎಳೆ ನಾ ಮುಟ್ಟಿ, ನಾಳೀಕೆ ತೂಕ ಕಮ್ಮಿ ಬಂದ್ರೆ ಯಾರ್ ತಲೆ ಬಿಚ್ಚುಸ್ತೀರಿ ಬುದ್ಧಿ?" ಎಂದಳು ಮಾದೇವಮ್ಮ.

"ನಿನ್ ತಲೇಲಿ ಊವು ಬುಟ್ರೆ ಏನೂ ಇಲ್ಲ ಅಂತ ಬೀದಿಗೆಲ್ಲ ಗೊತ್ತಾಯ್ತಲ್ಲ, ಬುಡಕ್ಕ," ಎಂದಳು ಶಿವನಂಜಮ್ಮ, ಯಜಮಾನನ ಕಡೆ ನೋಡದೆಯೇ.

ನಾಲ್ಕನೆಯ ದಿನ, ನೂಲು ಕಮ್ಮಿ ಬಂದ ವಾರದ್ದೇ ಗೂಡಿನ ಉಳಿದ ಮೂಟೆ ಬಿಚ್ಚಿದರೆ ಗೂಡಿಗೆಲ್ಲ ಬೂಷ್ಟು. ಮಳೆಯಲ್ಲಿ ನೆನೆದ ಗೂಡನ್ನು ಜಡೇಸ್ವಾಮಿಯೇ ಹಾಗೆಯೇ ತೂಗಿಸಿ ತಂದಿದ್ದ. ನೀರಿನ ತೂಕಕ್ಕೆ ನೂಲು ಎಲ್ಲಿಂದ ಬಂದೀತು?

ಪುಟ್ಟಮಲ್ಲಪ್ಪ ಮಾದೇವಮ್ಮನನ್ನು ಷೆಡ್ಡಿನ ಹಿಂದಕ್ಕೆ ಕರೆದ. "ಏನೋ ಆಗೋಯ್ತು. ಮನಸ್ಗೆ ಆಕ್ಕಬ್ಯಾಡ," ಎಂದ, ತಗ್ಗಿದ ದನಿಯಲ್ಲಿ.

"ಬೀದಿ ಬಾಗ್ಲಲ್ಲಿ ನಿಂತ್ಕಂಡು ಈ ಮಾತ ಏಳಿ ಬುದ್ಧಿ. ಕಳ್ಳಿ ಮನೆ ಎಣ್ಣು ನಮ್ಗೆ ಬ್ಯಾಡ ಅಂತ ನನ್ ಮಗಳ ಒಪ್ಪಿದ್ದೋರು ಏಳ್ ಕಳ್ಸವ್ರೆ."

"ಎಲ್ಲರ ಮುಂದೆ ತೆಪ್ಪಾಯ್ತು ಅಂದ್ರೆ ನಾಳೆ ನನ್ ಮಾತ ಯಾರ್ ಕೇಳಾರು?"

ಮಾದೇವಮ್ಮ ತನ್ನ ಬುತ್ತಿಯ ಡಬ್ಬಿ ತೆಗೆದುಕೊಂಡು ನಡುಮಧ್ಯಾಹ್ನವೇ ಹೊರಟಳು. ಮಿಕ್ಕ ಐವರೂ ಒಲೆಗಳಿಗೆ ನೀರು ಸುರಿದು ಆಕೆಯ ಹಿಂದೆ ನಡೆದರು.

ಓದುಗರೇ, ನಿಮ್ಮಲ್ಲಿ ದುಡಿಯುವ ಯಾರನ್ನಾದರೂ ನೀವು ಹೀಗೆ ಕಳ್ಳರೆಂದಿದ್ದರೆ, ಅಂದು ನಿಂತು ನೋಡಿದವರನ್ನೆಲ್ಲ ನಾಳೆ ಬೆಳಿಗ್ಗೆ ಕರೆಯಿಸಿ. ಅವರೆದುರಿಗೇ ತಪ್ಪಾಯಿತೆನ್ನಿ. ಕೆಲಸದ ಮಾತು ಆಮೇಲೆ ಆಡಿ.