ಹೊಸ್ತಿಲ ಮೇಲಿನ ಸೇರು

ಊರಲ್ಲಿ ಹೆಂಗಸರ ಫುಟ್‌ಬಾಲ್ ತಂಡ ಕಟ್ಟಲು ಲಿಂಗರಾಜಯ್ಯ ಮನೆಮನೆ ಅಲೆದಿದ್ದರು. ಭಾನುವಾರವೇ ಮೊದಲ ಪಂದ್ಯ, ಗೋಲ್‌ಕೀಪರ್ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

“ಹೆಂಗಸರನ್ನ ಚೆಂಡಿನ ಹಿಂದೆ ಓಡಿಸ್ತೀರಲ್ಲ, ನಿಮಗೇನು ಬಂದಿದೆ?” ಎಂದು ಹೆಂಡತಿ ದಿನಾ ರೇಗುತ್ತಿದ್ದಳು.

ಅಷ್ಟರಲ್ಲಿ ಮಗನ ಮದುವೆಯಾಯಿತು. ಸೊಸೆಯನ್ನು ಮನೆತುಂಬಿಸಿಕೊಳ್ಳಲು ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರಿಟ್ಟು, ಹೆಂಡತಿ ಆರತಿ ತಟ್ಟೆ ಹಿಡಿದು ಒಳಗೆ ನಿಂತಳು.

“ಬಲಗಾಲಲ್ಲಿ ಒದ್ದು ಬಾಮ್ಮ.”

ಸೊಸೆ ಒದ್ದಳು. ಸೇರು ಅಕ್ಕಿ ಚೆಲ್ಲುತ್ತಾ ದೇವರ ಮನೆಯತ್ತ ಹಾರಿತು. ನೆಂಟರೆಲ್ಲ ಕಣ್ಣು ಮುಚ್ಚಿಕೊಂಡರು. ಸೇರು ಬಿದ್ದ ಸದ್ದೇ ಕೇಳಿಸಲಿಲ್ಲ.

“ನೋಡಿದ್ರಾ, ಒದಿ ಅಂದ್ರೆ ಹೀಗಾ ಒದೆಯೋದು?” ಎಂದು ಹೆಂಡತಿ ಸಿಡುಕಿದಳು.

“ಅವಳ ಕಾಲಿನ ವಿಷಯ ಆಮೇಲೆ ನೋಡೋಣ ಕಣೇ,” ಎಂದರು ಲಿಂಗರಾಜಯ್ಯ. “ಆರತಿ ಆರದ ಹಾಗೆ ಇನ್ನೊಂದು ಕೈಲಿ ಸೇರು ಹಿಡಿದು ನಿಂತಿದ್ದೀಯಲ್ಲ, ಭಾನುವಾರ ಗೋಲಿಗೆ ನೀನೇ.”